ದಾಸಿಯೋ ದೊರೆಯೋ? ಒಟ್ಟೊಮನ್ ಅರಮನೆಯಲ್ಲಿ ಅಮ್ಮಂದಿರು ಆಳಿದ ಬಗೆ

ನಮ್ಮ ಚಿಕ್ಕಮ್ಮನಿಗೆ ಈಗ ತುರ್ಕಿ ಸೀರಿಯಲ್ ಹುಚ್ಚು. ಮಧ್ಯಾಹ್ನ ಊಟ ಆದಮೇಲೆ ಮೊಬೈಲನ್ನು ಉಪ್ಪಿನಕಾಯಿ ಜಾಡಿಗೆ ಒರಗಿಸಿಟ್ಟು, ಹಿಂದಿ ಡಬ್ಬಿಂಗ್‌ನಲ್ಲಿ ಸುಲ್ತಾನರ ಕಥೆ ನೋಡುತ್ತಾ ಬಟ್ಟೆ ಮಡಿಸುತ್ತಾರೆ. ಮೊನ್ನೆ ಫೋನ್ ಮಾಡಿ, "ಅಲ್ಲ ಕಣೇ, ನಿನ್ನೆ ತನಕ ದುಡ್ಡು ಕೊಟ್ಟು ತಂದ ದಾಸಿ ಅಂತಿದ್ರು. ಇವತ್ತು ಅವಳೇ ಮಂತ್ರಿಗೆ ಬೈತಾ ಕೂತಿದಾಳೆ. ಅದು ಹೆಂಗೆ? ದಾಸಿಯೋ, ರಾಣಿಯೋ, ಒಂದು ಹೇಳು" ಅಂದರು.

ಪ್ರಶ್ನೆ ಚೆನ್ನಾಗಿದೆ. ಇಂಥ ಸೀರಿಯಲ್‌ಗಳಲ್ಲಿ ವಿಷದ ಬಟ್ಟಲು, ಕದ್ದು ಕೇಳುವ ಕಿವಿ, ಸವತಿಯರ ಜಗಳ ಇವೇ ಜಾಸ್ತಿ. ಆದರೆ 16 ಮತ್ತು 17ನೇ ಶತಮಾನದ ಇಸ್ತಾಂಬುಲ್‌ನಲ್ಲಿ ನಿಜಕ್ಕೂ ನೂರು ವರ್ಷಕ್ಕೂ ಹೆಚ್ಚು ಕಾಲ ಅರಮನೆಯ ಹೆಂಗಸರ ಮಾತು ರಾಜ್ಯದಲ್ಲಿ ನಡೆಯಿತು. ತುರ್ಕಿ ಭಾಷೆಯಲ್ಲಿ ಅದಕ್ಕೆ 'ಹೆಂಗಸರ ಸುಲ್ತಾನಗಿರಿ' ಎಂಬ ಅರ್ಥದ ಹೆಸರೇ ಇದೆ. ಹೆಸರು ಆ ಕಾಲದ್ದಲ್ಲ, 20ನೇ ಶತಮಾನದ ಇತಿಹಾಸಕಾರರು ಇಟ್ಟದ್ದು. ಅದರಲ್ಲಿ ಸ್ವಲ್ಪ ವ್ಯಂಗ್ಯವೂ ಇತ್ತು.

ಇದೆಲ್ಲ ಒಬ್ಬಿಬ್ಬರು ಚಾಲಾಕಿ ಹೆಂಗಸರ ಮಾಟದಿಂದ ಆದದ್ದಲ್ಲ. ಪಟ್ಟಕ್ಕೆ ಯಾರು ಬರಬೇಕು, ರಾಜಕುಮಾರರು ಎಲ್ಲಿ ಬೆಳೆಯಬೇಕು ಎನ್ನುವ ಪದ್ಧತಿ ಬದಲಾಯಿತು. ಆ ಬದಲಾವಣೆಯಲ್ಲಿ ತಾಯಿ ಎನ್ನುವುದು ಸಂಬಳ, ಸಿಬ್ಬಂದಿ, ಪತ್ರವ್ಯವಹಾರ ಇರುವ ಒಂದು ಹುದ್ದೆಯೇ ಆಯಿತು. ಹೇಗೆ ಅಂತ ನೋಡೋಣ.

ಮೊದಲು ನಾಲ್ಕು ಪದ

ಒಟ್ಟೊಮನ್ ಅನ್ನುವುದು ಒಂದು ಮನೆತನದ ಹೆಸರು. ಉಸ್ಮಾನ್ ಎಂಬುವನಿಂದ ಶುರುವಾದದ್ದು. 1300ರ ಆಸುಪಾಸಿನಲ್ಲಿ ಸಣ್ಣ ಪಾಳೆಯಪಟ್ಟು, 1453ರಲ್ಲಿ ಇಸ್ತಾಂಬುಲ್ ಗೆದ್ದ ಮೇಲೆ ದೊಡ್ಡ ಸಾಮ್ರಾಜ್ಯ, 1922ಕ್ಕೆ ಮುಕ್ತಾಯ. ಅಷ್ಟೂ ಕಾಲ ಒಂದೇ ವಂಶ.

'ಸುಲ್ತಾನ್' ಗಂಡಸರಿಗೆ ಮಾತ್ರ ಸೇರಿದ ಬಿರುದಲ್ಲ. ಗಂಡಸಾದರೆ ಹೆಸರಿನ ಮುಂಚೆ ಬರುತ್ತದೆ, ಸುಲ್ತಾನ್ ಸುಲೇಮಾನ್. ಹೆಂಗಸಾದರೆ ಹೆಸರಿನ ನಂತರ, ಮಿಹ್ರಿಮಾ ಸುಲ್ತಾನ್. ಅಧಿಕಾರ ಮನೆತನದ್ದು, ಅದರಲ್ಲಿ ಹೆಣ್ಣುಮಕ್ಕಳಿಗೂ ಪಾಲು ಅನ್ನುವ ಭಾವನೆ ಈ ಬಿರುದಿನಲ್ಲೇ ಇದೆ.

'ಹಸೆಕಿ' ಅಂದರೆ ಸುಲ್ತಾನನ ಅಚ್ಚುಮೆಚ್ಚಿನವಳು. 'ವಾಲಿದೆ' ಅಂದರೆ ತಾಯಿ. ವಾಲಿದೆ ಸುಲ್ತಾನ್ ಎಂದರೆ ಈಗ ಪಟ್ಟದಲ್ಲಿರುವ ಸುಲ್ತಾನನ ಹೆತ್ತಮ್ಮ. ಅರಮನೆಯ ಹೆಂಗಸರಲ್ಲಿ ಇವಳಿಗಿಂತ ಮೇಲೆ ಇನ್ನೊಬ್ಬರಿಲ್ಲ. ಸುಲ್ತಾನನ ಪ್ರೀತಿಯ ಹೆಂಡತಿಯೂ ಅತ್ತೆಯ ಕೆಳಗೇ. ಈ ಸಂಗತಿ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ ಬಿಡಿ.

ಒಳಗೆ ಹೋದಷ್ಟೂ ದೊಡ್ಡವರು

'ಹರಮ್' ಎಂದ ತಕ್ಷಣ ಯೂರೋಪಿನವರು ಬಿಡಿಸಿದ ಚಿತ್ರಗಳು ನೆನಪಿಗೆ ಬರುತ್ತವೆ. ಕೊಳದ ಪಕ್ಕ ಒರಗಿ ಕೂತ ಸುಂದರಿಯರು, ಹುಕ್ಕಾ, ನವಿಲುಗರಿ. ಆ ಚಿತ್ರ ಬಿಡಿಸಿದವರಲ್ಲಿ ಬಹುತೇಕ ಯಾರೂ ಒಳಗೆ ಕಾಲಿಟ್ಟವರಲ್ಲ.

ಪದದ ಮೂಲ ಅರ್ಥ, ಎಲ್ಲರೂ ಹೋಗಕೂಡದ, ಕಾಪಾಡಬೇಕಾದ ಜಾಗ. ಮೆಕ್ಕಾ ಮದೀನಾಗಳನ್ನು ಕರೆಯುವುದೂ ಇದೇ ಬೇರಿನ ಪದದಿಂದ. ಅರಮನೆಯಲ್ಲಿ ಸುಲ್ತಾನನೂ ಅವನ ಹುಡುಗ ಪರಿಚಾರಕರೂ ಇದ್ದ ಒಳಭಾಗಕ್ಕೂ ಇದೇ ಹೆಸರು ನಡೆಯುತ್ತಿತ್ತು. ಅಲ್ಲಿ ಒಬ್ಬ ಹೆಂಗಸೂ ಇರಲಿಲ್ಲ.

ನಮ್ಮ ದೇವಸ್ಥಾನವನ್ನು ನೆನೆಸಿಕೊಳ್ಳಿ. ಹೊರಗೆ ಪ್ರಾಕಾರ, ಆಮೇಲೆ ನವರಂಗ, ಕೊನೆಗೆ ಗರ್ಭಗುಡಿ. ಒಳಗೆ ಹೋದಷ್ಟೂ ಜನ ಕಡಿಮೆ, ಮಹತ್ವ ಜಾಸ್ತಿ. ಇಸ್ತಾಂಬುಲ್‌ನಲ್ಲಿ ಸುಲ್ತಾನರಿದ್ದ ತೋಪ್‌ಕಾಪಿ ಅರಮನೆಯೂ ಹಾಗೇ. ಮೊದಲ ಅಂಗಳಕ್ಕೆ ಯಾರು ಬೇಕಾದರೂ ಬರಬಹುದು. ಎರಡನೆಯದರಲ್ಲಿ ದಿವಾನ್, ಅಂದರೆ ಮಂತ್ರಿಗಳ ಸಭೆ. ಅದರಾಚೆ ಸುಲ್ತಾನನ ಜಾಗ. ಇಸ್ತಾಂಬುಲ್ ಗೆದ್ದ ಎರಡನೇ ಮೆಹ್ಮೆದ್‌ನ ಕಾಲದಿಂದ ಸುಲ್ತಾನ ಸಭೆಯಲ್ಲಿ ಕೂರುವುದನ್ನೇ ಬಿಟ್ಟ. ಸಭೆಯ ಗೋಡೆಯ ಮೇಲೆ ಜಾಲರಿ ಹಾಕಿದ ಕಿಟಕಿಯೊಂದಿದೆ, ಅದರ ಹಿಂದೆ ಕೂತು ಕೇಳುತ್ತಿದ್ದ. ಇವತ್ತು ಇದ್ದಾನೋ ಇಲ್ಲವೋ ಎಂಬುದು ಕೆಳಗೆ ಕೂತ ಮಂತ್ರಿಗಳಿಗೆ ತಿಳಿಯುತ್ತಿರಲಿಲ್ಲ.

ತೆರೆಯ ಹಿಂದೆ ಕೂತು ಆಳುವುದು ಸುಲ್ತಾನನದೇ ಶೈಲಿ. ಹೆಂಗಸರು ತೆರೆಮರೆಯಿಂದ ಆಳಿದರು ಎಂದು ಹೇಳುವಾಗ ಈ ಕಿಟಕಿಯನ್ನು ಮರೆಯಬಾರದು.

ದಾಸಿಯೇ ಯಾಕೆ?

ಶುರುವಿನ ಒಟ್ಟೊಮನ್ ದೊರೆಗಳು ರಾಜಮನೆತನದ ಹೆಣ್ಣುಗಳನ್ನೇ ಮದುವೆಯಾಗುತ್ತಿದ್ದರು. 1346ರಲ್ಲಿ ಓರ್ಹಾನ್ ಬೈಜಾಂಟಿಯಮ್‌ನ ದೊರೆಮಗಳು ಥಿಯೊಡೊರಾಳನ್ನು ಮದುವೆಯಾದ. ಎರಡನೇ ಮುರಾದ್ ಸರ್ಬಿಯಾದ ಮಾರಾಳನ್ನು ತಂದ. ಆಮೇಲೆ ಇದು ನಿಂತಿತು. ಬೀಗರ ಕಾಟ ಬೇಡ ಎನ್ನುವುದೇ ಇದರ ಹಿಂದಿನ ಲೆಕ್ಕ ಎನ್ನಬಹುದು. ರಾಜಕುಮಾರಿಯನ್ನು ತಂದರೆ ಅವಳ ಹಿಂದೆ ಒಬ್ಬ ಮಾವ, ಇಬ್ಬರು ಭಾವಮೈದುನರು, ಒಂದು ಸೈನ್ಯ ಬರುತ್ತದೆ. ಹುಟ್ಟಿದ ಮೊಮ್ಮಗನ ಮೇಲೆ ಅವರಿಗೂ ಹಕ್ಕು. ದೂರದೇಶದಿಂದ ಹಿಡಿದು ತಂದ ಹುಡುಗಿಗೆ ತವರೇ ಇಲ್ಲ.

ಕಾನೂನೂ ಇದಕ್ಕೆ ಅಡ್ಡಿಯಾಗಲಿಲ್ಲ. ಇಸ್ಲಾಮಿ ಕಾನೂನಿನಲ್ಲಿ ಯಜಮಾನ ತನ್ನದೆಂದು ಒಪ್ಪಿಕೊಂಡರೆ ದಾಸಿಯ ಮಗುವೂ ಸ್ವತಂತ್ರ, ಹೆಂಡತಿಯ ಮಗುವಿಗೆ ಸಮ. ಹೆತ್ತ ದಾಸಿಯನ್ನು ಮತ್ತೆ ಮಾರುವಂತಿಲ್ಲ, ಯಜಮಾನ ಸತ್ತ ದಿನ ಅವಳು ಸ್ವತಂತ್ರಳು.

ಇನ್ನೊಂದು ಮಾತು, ಇದು ಚಿಕ್ಕಮ್ಮನ ಗೊಂದಲಕ್ಕೆ ಅರ್ಧ ಉತ್ತರ. ಆ ಕಾಲದ ಮಂತ್ರಿಗಳಲ್ಲೂ ಬಹಳ ಮಂದಿ ಸುಲ್ತಾನನ ಗುಲಾಮರೇ. ಬಾಲ್ಕನ್ ಹಳ್ಳಿಗಳ ಕ್ರೈಸ್ತ ಹುಡುಗರನ್ನು ಹಿಡಿದು ತಂದು, ಮತಾಂತರ ಮಾಡಿ, ಓದಿಸಿ, ಸೈನಿಕರನ್ನಾಗಿಯೋ ಅಧಿಕಾರಿಗಳನ್ನಾಗಿಯೋ ಮಾಡುತ್ತಿದ್ದರು. ಅವರಲ್ಲೇ ಕೆಲವರು ಮಹಾವಜೀರರಾದರು, ಅಂದರೆ ಪ್ರಧಾನಮಂತ್ರಿ. ಅರಮನೆಗೆ ಬಂದ ಹುಡುಗಿಯರಿಗೂ ಇದೇ ಬಗೆಯ ತರಬೇತಿ. ತುರ್ಕಿ ಭಾಷೆ, ಕುರಾನ್, ಕಸೂತಿ, ಸಂಗೀತ, ಅರಮನೆಯ ನಡೆನುಡಿ. ಹೆಚ್ಚಿನವರು ಸುಲ್ತಾನನ ಮುಖವನ್ನು ಹತ್ತಿರದಿಂದ ಕಂಡವರೇ ಅಲ್ಲ. ಕೆಲವು ವರ್ಷ ಸೇವೆ ಮಾಡಿ, ಬಿಡುಗಡೆ ಪಡೆದು, ಯಾರೋ ಅಧಿಕಾರಿಯ ಹೆಂಡತಿಯಾಗಿ ಹೋಗುತ್ತಿದ್ದರು.

ಹಾಗಂತ ಇದನ್ನು ಹಾಸ್ಟೆಲ್ ಎಂದು ತಿಳಿಯಬೇಡಿ. ಮಕ್ಕಳನ್ನು ಊರಿಗೆ ಊರೇ ಸುಟ್ಟು ಎಳೆದು ತರುತ್ತಿದ್ದರು. ಯಾರನ್ನೂ ಒಪ್ಪಿಗೆ ಕೇಳಲಿಲ್ಲ.

ಒಬ್ಬ ತಾಯಿ, ಒಬ್ಬ ಮಗ

16ನೇ ಶತಮಾನದ ಮೊದಲವರೆಗೆ ಪದ್ಧತಿ ಹೀಗಿತ್ತು. ಸುಲ್ತಾನನಿಂದ ಗಂಡುಮಗು ಆಯಿತೆಂದರೆ ಆ ಹೆಂಗಸಿನ ಪಾಲಿಗೆ ಅವನ ಸಂಗ ಮುಗಿಯಿತು. ಇನ್ನು ಅವಳ ಕೆಲಸ ಆ ಮಗನನ್ನು ಬೆಳೆಸುವುದು. ಹುಡುಗ ಹದಿಹರೆಯಕ್ಕೆ ಬಂದಾಗ ಮನಿಸಾ, ಅಮಾಸ್ಯಾದಂಥ ಪ್ರಾಂತ್ಯಕ್ಕೆ ಅಧಿಕಾರಿಯಾಗಿ ಹೋಗುತ್ತಾನೆ. ತಾಯಿಯೂ ಜೊತೆಗೆ. ಅಲ್ಲಿನ ಸಣ್ಣ ಅರಮನೆಗೆ ಅವಳೇ ಯಜಮಾನಿ. ಮಗನಿಗೆ ಬುದ್ಧಿ ಹೇಳುವವಳು, ಅವನ ಸುತ್ತ ಯಾರು ಸೇರುತ್ತಾರೆಂದು ಕಣ್ಣಿಡುವವಳು.

ಯಾಕೆ ಇಷ್ಟು ಎಚ್ಚರ? ಪಟ್ಟ ಹಿರಿಯನಿಗೇ ಎಂಬ ನಿಯಮ ಇರಲಿಲ್ಲ. ತಂದೆ ಸತ್ತಾಗ ಯಾವ ಮಗ ಮೊದಲು ರಾಜಧಾನಿ ಮುಟ್ಟಿ ಸೈನ್ಯವನ್ನು ಒಲಿಸಿಕೊಳ್ಳುತ್ತಾನೋ ಅವನೇ ಸುಲ್ತಾನ. ಸೋತ ಅಣ್ಣತಮ್ಮಂದಿರಿಗೆ ಸಾವು. ಲೋಕದ ಸುವ್ಯವಸ್ಥೆಗಾಗಿ ಗೆದ್ದವನು ಸೋದರರನ್ನು ಕೊಲ್ಲಬಹುದೆಂದು ಎರಡನೇ ಮೆಹ್ಮೆದ್‌ನ ಹೆಸರಿನ ಕಾನೂನಿನಲ್ಲೇ ಬರೆದಿದೆ. 1595ರಲ್ಲಿ ಮೂರನೇ ಮೆಹ್ಮೆದ್ ಪಟ್ಟಕ್ಕೆ ಬಂದಾಗ 19 ತಮ್ಮಂದಿರನ್ನು ಕೊಲ್ಲಿಸಿದ. ಹಾಲುಗಲ್ಲದ ಮಕ್ಕಳೂ ಅವರಲ್ಲಿದ್ದರು. ತಂದೆಯ ಶವದ ಹಿಂದೆಯೇ ಅವರ ಶವಪೆಟ್ಟಿಗೆಗಳೂ ಹೊರಟವು.

ಆದ್ದರಿಂದ ತಾಯಿಯ ಮುಂದೆ ಎರಡೇ ದಾರಿ. ಮಗ ಗೆದ್ದರೆ ಅವಳು ವಾಲಿದೆ. ಸೋತರೆ ಮಗನ ಸಮಾಧಿ ನೋಡಿಕೊಂಡು ಇರಬೇಕು.

ಈ ಕಾನೂನಿನ ನೆರಳು ನಮ್ಮ ವಿಜಯಪುರದವರೆಗೂ ಬಂದಿದೆ. ಆದಿಲ್‌ಶಾಹಿ ವಂಶ ಶುರುಮಾಡಿದ ಯೂಸುಫ್ ಎರಡನೇ ಮುರಾದ್‌ನ ಮಗನಂತೆ. 1451ರಲ್ಲಿ ಅಣ್ಣ ಮೆಹ್ಮೆದ್ ಪಟ್ಟಕ್ಕೆ ಬಂದಾಗ ತಮ್ಮನನ್ನು ಕೊಲ್ಲಬೇಕಾಯಿತಂತೆ. ಆಗ ತಾಯಿ ಗುಲಾಮರ ಹುಡುಗನೊಬ್ಬನನ್ನು ಅವನ ಜಾಗದಲ್ಲಿಟ್ಟು, ಮಗನನ್ನು ಪರ್ಷಿಯಾದ ವರ್ತಕನ ಕೈಗೊಪ್ಪಿಸಿ ಪಾರುಮಾಡಿದಳಂತೆ. ವಿಜಯಪುರದ ಆಸ್ಥಾನದಲ್ಲಿದ್ದ ಚರಿತ್ರಕಾರ ಫಿರಿಷ್ತಾ ಬರೆದ ಕಥೆ ಇದು. ಇತಿಹಾಸಕಾರರು ಇದನ್ನು ನಂಬುವುದಿಲ್ಲ. ಆದರೆ 1451ರಲ್ಲಿ ಮೆಹ್ಮೆದ್ ತನ್ನ ಹಸುಗೂಸು ತಮ್ಮನನ್ನು ಕೊಲ್ಲಿಸಿದ್ದು ನಿಜ. ಆ ಸುದ್ದಿ ದಖ್ಖನ್ನಿನವರೆಗೆ ಬಂದು ಒಂದು ರಾಜವಂಶದ ಹುಟ್ಟಿನ ಕಥೆಯೊಳಗೆ ಸೇರಿಕೊಂಡಿತು.

ಹುರ್ರೆಮ್ ಮುರಿದ ಕಟ್ಟಳೆ

ಈಗ ಸೀರಿಯಲ್‌ನ ನಾಯಕಿ. ಹುರ್ರೆಮ್ ಅಂದರೆ ನಗುಮೊಗದವಳು. ಯೂರೋಪಿನವರು ರೊಕ್ಸೆಲಾನಾ ಎಂದರು. ಇಂದಿನ ಪಶ್ಚಿಮ ಉಕ್ರೇನ್ ಕಡೆಯ ಹುಡುಗಿ, ಕ್ರಿಮಿಯಾದ ತಾತಾರರ ಕೈಗೆ ಸಿಕ್ಕು ಮಾರಾಟವಾಗಿ 1520ರ ಸುಮಾರಿಗೆ ಅರಮನೆ ಸೇರಿದಳು. ಸುಲೇಮಾನ್ ಆಗ ತಾನೇ ಪಟ್ಟಕ್ಕೆ ಬಂದಿದ್ದ.

1521ರಲ್ಲಿ ಮಗ ಮೆಹ್ಮೆದ್ ಹುಟ್ಟಿದ. ಪದ್ಧತಿಯಂತೆ ಅವಳ ಸರದಿ ಮುಗಿಯಬೇಕಿತ್ತು. ಮುಗಿಯಲಿಲ್ಲ. ಮಗಳು ಮಿಹ್ರಿಮಾ, ಆಮೇಲೆ ಮತ್ತೆ ಗಂಡುಮಕ್ಕಳು, ಒಬ್ಬಳಿಂದಲೇ ಒಟ್ಟು ಆರು. 1534ರ ಸುಮಾರಿಗೆ ಸುಲೇಮಾನ್ ಅವಳನ್ನು ಬಿಡುಗಡೆ ಮಾಡಿ ಶಾಸ್ತ್ರಬದ್ಧವಾಗಿ ಮದುವೆಯಾದ. ದಾಸಿಯನ್ನು ಸುಲ್ತಾನ ಹೀಗೆ ಮದುವೆಯಾಗುವುದನ್ನು ಊರು ಕಂಡಿರಲಿಲ್ಲ. ಮಾಟಗಾತಿ ಎಂಬ ಗುಸುಗುಸು ಆಗಲೇ ಹುಟ್ಟಿತು.

ಮೂರನೇ ಕಟ್ಟಳೆ ಮುರಿದದ್ದು ಅಷ್ಟು ಸುದ್ದಿಯಾಗಲಿಲ್ಲ, ಆದರೆ ನನ್ನ ಲೆಕ್ಕದಲ್ಲಿ ಅದೇ ದೊಡ್ಡದು. ಅದು ಮನೆ ಬದಲಾಯಿಸಿದ್ದು. ಆವರೆಗೆ ಹೆಂಗಸರೂ ಮಕ್ಕಳೂ ಊರ ಮಧ್ಯದ ಹಳೆ ಅರಮನೆಯಲ್ಲಿದ್ದರು. ಇಂದು ಅಲ್ಲಿ ಇಸ್ತಾಂಬುಲ್ ವಿಶ್ವವಿದ್ಯಾಲಯವಿದೆ. ಸುಲ್ತಾನ ಮತ್ತು ಸರ್ಕಾರ ತೋಪ್‌ಕಾಪಿಯಲ್ಲಿ. ಹುರ್ರೆಮ್ ತೋಪ್‌ಕಾಪಿಗೇ ಬಂದಳು. ಮಕ್ಕಳು ಪ್ರಾಂತ್ಯಕ್ಕೆ ಹೋದಾಗಲೂ ಅವರ ಜೊತೆ ಹೋಗದೆ ಇಲ್ಲೇ ಉಳಿದಳು. ಮನೆಯೂ ಆಫೀಸೂ ಒಂದೇ ಕಾಂಪೌಂಡಿನೊಳಗೆ ಬಂದಂತಾಯಿತು. ಸುಲ್ತಾನ ದಂಡಯಾತ್ರೆಗೆ ಹೋದಾಗ ರಾಜಧಾನಿಯ ಸುದ್ದಿಯೆಲ್ಲ ಅವಳ ಪತ್ರಗಳಲ್ಲಿ ಹೋಗುತ್ತಿತ್ತು. ಊರಲ್ಲಿ ಪ್ಲೇಗ್ ಇದೆ, ಇಂಥವರು ಹೀಗೆ ಮಾತಾಡುತ್ತಿದ್ದಾರೆ ಎಂದು. ಪೋಲೆಂಡಿನ ಹೊಸ ರಾಜನಿಗೂ ಅವಳೇ ಪತ್ರ ಬರೆದು, ಅಂಗಿ, ಕರವಸ್ತ್ರಗಳ ಉಡುಗೊರೆ ಕಳಿಸಿದಳು.

ಕಥೆಯ ಕಪ್ಪು ಭಾಗ 1553ರದು. ಸುಲೇಮಾನನ ಹಿರಿಮಗ ಮುಸ್ತಫಾ, ಹಿಂದಿನ ಸಂಗಾತಿ ಮಾಹಿದೇವ್ರಾನಳ ಮಗ, ಸೈನಿಕರ ಕಣ್ಮಣಿ. ಕೊನ್ಯಾ ಹತ್ತಿರ ತಂದೆಯ ಡೇರೆಗೆ ಕರೆಸಿ ಅವನನ್ನು ಕತ್ತು ಹಿಸುಕಿ ಕೊಲ್ಲಿಸಲಾಯಿತು. ಹುರ್ರೆಮ್ ಮತ್ತು ಅವಳ ಅಳಿಯ, ಮಹಾವಜೀರ ರುಸ್ತೆಮ್ ಪಾಷಾ ಸೇರಿ ಹೂಡಿದ ಸಂಚು ಇದೆಂದು ಸೈನಿಕರು ದೂರಿದರು. ಅವರನ್ನು ಸಮಾಧಾನಪಡಿಸಲು ಸುಲೇಮಾನ್ ಅಳಿಯನನ್ನು ಕೆಲಸದಿಂದ ತೆಗೆದ. ಎರಡು ವರ್ಷದಲ್ಲಿ ಮತ್ತೆ ಕರೆದು ಅದೇ ಹುದ್ದೆಯಲ್ಲಿ ಕೂರಿಸಿದ. ಸಂಚು ಎಷ್ಟು ನಿಜವೆಂದು ಪತ್ರಗಳಿಂದ ಸಾಬೀತಾಗುವುದಿಲ್ಲ. ಆದರೆ ಮುಸ್ತಫಾ ಗೆದ್ದಿದ್ದರೆ ಹುರ್ರೆಮ್‌ಳ ಮಕ್ಕಳೆಲ್ಲ ಸಾಯಬೇಕಿತ್ತು. ಕಾನೂನೇ ಹಾಗಿತ್ತಲ್ಲ.

1558ರಲ್ಲಿ ಅವಳು ತೀರಿಕೊಂಡಳು. ಮಗ ಸೆಲಿಮ್ ಪಟ್ಟಕ್ಕೆ ಬಂದದ್ದು 1566ರಲ್ಲಿ. ಹುರ್ರೆಮ್ ವಾಲಿದೆ ಆಗಲೇ ಇಲ್ಲ.

ರಾಜಕುಮಾರರು ಮನೆಯಲ್ಲೇ ಉಳಿದಾಗ

ಸೆಲಿಮ್‌ನ ಕಾಲದಿಂದ ಒಬ್ಬ ಹಿರಿಮಗನನ್ನು ಮಾತ್ರ ಪ್ರಾಂತ್ಯಕ್ಕೆ ಕಳಿಸುವುದು ರೂಢಿಯಾಯಿತು. 1595ರ ನಂತರ ಅದೂ ನಿಂತಿತು. ಎಲ್ಲ ರಾಜಕುಮಾರರೂ ಅರಮನೆಯೊಳಗೇ ಬೆಳೆದರು. 1603ರಲ್ಲಿ ಪಟ್ಟಕ್ಕೆ ಬಂದ ಮೊದಲನೇ ಅಹ್ಮದ್‌ಗೆ 13 ವರ್ಷ. ಅವನು ತಮ್ಮ ಮುಸ್ತಫಾನನ್ನು ಕೊಲ್ಲಲಿಲ್ಲ. 1617ರಲ್ಲಿ ಅಹ್ಮದ್ ತೀರಿಕೊಂಡಾಗ ಪಟ್ಟ ಮಗನಿಗಲ್ಲ, ಆ ತಮ್ಮನಿಗೆ ಹೋಯಿತು. ಅಲ್ಲಿಂದ ಮನೆತನದ ಹಿರಿಯ ಗಂಡಸಿಗೆ ಪಟ್ಟ ಎಂಬ ರೂಢಿ ಮೆಲ್ಲಗೆ ಬೇರೂರಿತು. ಸರದಿಗೆ ಕಾಯುವ ರಾಜಕುಮಾರರನ್ನು ಕೂಡಿಹಾಕಿದ ಕೋಣೆಗಳಿಗೆ ಜನ 'ಪಂಜರ' ಎಂದರು.

ಇದರ ಪರಿಣಾಮ ನೋಡಿ. ಮೊದಲು 25 ವರ್ಷದ, ಪ್ರಾಂತ್ಯ ಆಳಿ ಪಳಗಿದ, ತನ್ನದೇ ಪಟಾಲಂ ಇದ್ದ ಯುವಕ ಸುಲ್ತಾನನಾಗುತ್ತಿದ್ದ. ಈಗ ಅಂಗಳ ದಾಟದ ಹುಡುಗ, ಅಥವಾ ಪಂಜರದಲ್ಲಿ ಹೆದರಿ ಬೆಳೆದವನು. ಅವನಿಗೆ ಗೊತ್ತಿರುವ, ನಂಬಬಹುದಾದ ಒಬ್ಬರೆಂದರೆ ತಾಯಿ. ರಾಜ್ಯದ ಒಳಗುಟ್ಟು ಬಲ್ಲವಳೂ ಅವಳೇ.

ಸೆಲಿಮ್‌ನ ಹೆಂಡತಿ ನೂರ್‌ಬಾನು ಇದಕ್ಕೆ ಮೊದಲ ಉದಾಹರಣೆ. 1574ರ ಡಿಸೆಂಬರ್‌ನಲ್ಲಿ ಸೆಲಿಮ್ ಸತ್ತಾಗ ಮಗ ಮುರಾದ್ ಮನಿಸಾದಲ್ಲಿದ್ದ. ಸುದ್ದಿ ಹೊರಬಿದ್ದರೆ ದಂಗೆ ಆಗಬಹುದು. ಅವನು ಬರುವ ತನಕ ಶವವನ್ನು ಮಂಜುಗಡ್ಡೆಯಲ್ಲಿಟ್ಟು ಸಾವನ್ನು ಮುಚ್ಚಿಟ್ಟಳು ಎನ್ನುತ್ತಾರೆ. ಆಮೇಲೆ 1583ರಲ್ಲಿ ಸಾಯುವವರೆಗೂ ವಾಲಿದೆಯಾಗಿ ವೆನಿಸ್ ಜೊತೆ ಪತ್ರವ್ಯವಹಾರ ನಡೆಸಿದಳು. ಅದೇ ವರ್ಷಗಳಲ್ಲಿ ವಿಜಯಪುರದಲ್ಲಿ ಚಾಂದ್ ಬೀಬಿ ಬಾಲಕ ಇಬ್ರಾಹಿಮ್ ಆದಿಲ್‌ಶಾಹನ ಪರವಾಗಿ ಆಡಳಿತ ನೋಡಿಕೊಳ್ಳುತ್ತಿದ್ದಳು. ಒಬ್ಬರಿಗೊಬ್ಬರು ಸಂಬಂಧವಿಲ್ಲ, ಕಾಲ ಮಾತ್ರ ಒಂದು.

ಕೆಲಸ ನಡೆಯುತ್ತಿದ್ದದ್ದು ಹೇಗೆ?

ಮೊದಲು ಸಂಬಳ. ಆಕ್ಚೆ ಎಂಬ ಬೆಳ್ಳಿ ನಾಣ್ಯದಲ್ಲಿ ದಿನಗೂಲಿಯ ಲೆಕ್ಕ. ಸೈನ್ಯದ ಬೆನ್ನೆಲುಬಾದ ಜಾನಿಸರಿ ಪಡೆಯ ಮುಖ್ಯಸ್ಥನಿಗೆ ದಿನಕ್ಕೆ 500. ಧರ್ಮಶಾಸ್ತ್ರದಲ್ಲಿ ಎಲ್ಲರಿಗಿಂತ ಮೇಲಿನ ಮುಫ್ತಿಗೆ 750. ಹುರ್ರೆಮ್‌ಗೆ 2000, ಮೂರನೇ ಮೆಹ್ಮೆದ್‌ನ ತಾಯಿ ವಾಲಿದೆ ಸಫಿಯೆಗೆ 3000. ಬೊಕ್ಕಸದ ದಫ್ತರಿನಲ್ಲಿ ಇದೆಲ್ಲ ರಾಜಾರೋಷವಾಗಿ ಬರೆದ ಲೆಕ್ಕ. ಗುಟ್ಟಿನ ಆಟಕ್ಕೆ ಯಾರಾದರೂ ವೋಚರ್ ಬರೆಯುತ್ತಾರಾ?

ಎರಡನೆಯದು ಅಳಿಯಂದಿರು. ಸುಲ್ತಾನನ ಹೆಣ್ಣುಮಕ್ಕಳನ್ನು ವಜೀರರಿಗೆ ಕೊಡುತ್ತಿದ್ದರು. ಗಂಡ ಸತ್ತರೆ, ಅಥವಾ ಸುಲ್ತಾನನ ಸಿಟ್ಟಿಗೆ ತಲೆ ಕೊಟ್ಟರೆ, ಇನ್ನೊಬ್ಬ ವಜೀರನಿಗೆ. ಒಬ್ಬೊಬ್ಬ ರಾಜಕುಮಾರಿಗೆ ನಾಲ್ಕಾರು ಮದುವೆಯಾದದ್ದೂ ಉಂಟು. ಪಾಪ, ಅವರನ್ನು ಕೇಳುವವರು ಯಾರು? ಆದರೆ ಅರಮನೆಯ ತಾಯಿಗೆ ಹೊರಗಿನ ಸರ್ಕಾರದಲ್ಲಿ ಒಂದು ಕೈ ಸಿಕ್ಕಂತಾಗುತ್ತಿತ್ತು.

ಮೂರನೆಯದು ಮಧ್ಯವರ್ತಿಗಳು. ಅಂತಃಪುರ ಕಾಯುವ ಖೋಜಾಗಳ, ಅಂದರೆ ಗಂಡಸುತನ ತೆಗೆದ ಕಾವಲಿನವರ, ಮುಖ್ಯಸ್ಥ ಒಳಗಿನ ಮಾತನ್ನು ಹೊರಗೆ ಮುಟ್ಟಿಸುತ್ತಿದ್ದ. 'ಕಿರಾ' ಎಂದು ಕರೆಯುವ ಯೆಹೂದಿ ಹೆಂಗಸರು ಒಡವೆ, ಬಟ್ಟೆ ಮಾರುತ್ತಾ ಒಳಗೂ ಹೊರಗೂ ಓಡಾಡುತ್ತಿದ್ದರು. ಇಂಗ್ಲೆಂಡಿನ ಎಲಿಜಬೆತ್ ರಾಣಿಗೂ ಸಫಿಯೆಗೂ ಪತ್ರದ ಗೆಳೆತನ. 1599ರಲ್ಲಿ ಎಲಿಜಬೆತ್ ಒಂದು ಸಾರೋಟು ಕಳಿಸಿದಳು. ಆ ವರ್ಷ ಸಫಿಯೆಯ ಕಿರಾ ಎಸ್ಪೆರಾನ್ಜಾ ಮಾಲ್ಕಿ ರಾಣಿಗೆ ಬರೆದ ಪತ್ರ ಉಳಿದಿದೆ. ಮುಖಕ್ಕೆ ಹಚ್ಚುವ ಬಟ್ಟಿ ಇಳಿಸಿದ ನೀರು, ಕೈಗೆ ಹಚ್ಚುವ ಸುವಾಸನೆಯ ಎಣ್ಣೆ ಕಳಿಸಿ ಎಂದು ಅದರಲ್ಲಿ ಕೇಳುತ್ತಾಳೆ. ಇವು ಹೆಂಗಸರ ಸಾಮಾನು, ಬೇರೆಯವರ ಕೈಗೆ ಕೊಡಬೇಡಿ, ನನ್ನ ಕೈಗೇ ಬರಲಿ ಎಂಬ ಸೂಚನೆ ಬೇರೆ. ಎರಡು ರಾಜ್ಯಗಳ ವ್ಯಾಪಾರದ ಮಾತುಕತೆಯ ಮಧ್ಯೆ ಒಂದು ಫೇಸ್‌ವಾಶ್ ವ್ಯವಹಾರ! ಮಾರನೇ ವರ್ಷವೇ, ಕೆಟ್ಟ ನಾಣ್ಯದಲ್ಲಿ ಸಂಬಳ ಸಿಕ್ಕಿತೆಂದು ಸಿಟ್ಟಿಗೆದ್ದ ಕುದುರೆ ಸವಾರರು ಆ ಕಿರಾಳನ್ನು ಹಿಡಿದು ಕೊಂದರು. ವಾಲಿದೆಯನ್ನು ಮುಟ್ಟಲಾಗದವರು ಅವಳ ಕೈಯನ್ನು ಕಡಿದಂತೆ.

ನಾಲ್ಕನೆಯದು ದಾನಧರ್ಮ. ವಕ್ಫ್ ಪದ ನಮಗೆ ಹೊಸದಲ್ಲ. ಒಂದು ಆಸ್ತಿಯ ಆದಾಯವನ್ನು ಶಾಶ್ವತವಾಗಿ ಧರ್ಮಕಾರ್ಯಕ್ಕೆ ಬಿಟ್ಟುಕೊಡುವುದು. ಹುರ್ರೆಮ್ 1552ರಲ್ಲಿ ಜೆರುಸಲೇಮ್‌ನಲ್ಲಿ ಕಟ್ಟಿಸಿದ ಅನ್ನಛತ್ರ, ನಮ್ಮ ಮಠಗಳ ದಾಸೋಹದ ಹಾಗೆ ದಿನಾ ನೂರಾರು ಜನಕ್ಕೆ ಗಂಜಿ, ರೊಟ್ಟಿ ಹಾಕುತ್ತಿತ್ತು. ಮುಖ ತೋರಿಸದ ಹೆಂಗಸಿನ ಹೆಸರು ಊರಿನ ಬಾಯಲ್ಲಿ ಉಳಿಯುತ್ತಿದ್ದದ್ದು ಹೀಗೆ.

ಕೋಸೆಮ್: ಇಬ್ಬರು ಮಕ್ಕಳು, ಒಬ್ಬ ಮೊಮ್ಮಗ

ಇವರಲ್ಲೆಲ್ಲ ದೊಡ್ಡವಳು ಕೋಸೆಮ್. ಗ್ರೀಕ್ ಮೂಲದವಳು, ಮೊದಲನೇ ಅಹ್ಮದ್‌ನ ಹಸೆಕಿ. ಗಂಡ ಸತ್ತ ಮೇಲೆ ಪದ್ಧತಿಯಂತೆ ಹಳೆ ಅರಮನೆಗೆ ಹೋಗಬೇಕಾಯಿತು. ಪಟ್ಟ ಕಳೆದುಕೊಂಡವರ ಕಡೆಯ ಹೆಂಗಸರನ್ನು ಅಲ್ಲಿಗೇ ಕಳಿಸುತ್ತಿದ್ದರು. ಮಗ ಸುಲ್ತಾನನಾದರೆ ಅದೇ ಬಾಗಿಲಿಂದ ಮೆರವಣಿಗೆಯಲ್ಲಿ ವಾಪಸು. ದಾರಿಯುದ್ದಕ್ಕೂ ಸೈನಿಕರು ನಿಂತಿರುತ್ತಾರೆ, ಮಗ ಎದುರು ಬಂದು ತಾಯಿಗೆ ನಮಸ್ಕರಿಸುತ್ತಾನೆ. ಕೋಸೆಮ್‌ಗೆ ಆ ದಿನ 1623ರಲ್ಲಿ ಬಂತು. ಮಗ ನಾಲ್ಕನೇ ಮುರಾದ್‌ಗೆ ಆಗ 11 ವರ್ಷ.

ಮುಂದಿನ ಒಂಬತ್ತು ವರ್ಷ ಅವಳೇ ರಾಜಪ್ರತಿನಿಧಿ, ಅಂದರೆ ಅಪ್ರಾಪ್ತ ದೊರೆಯ ಪರವಾಗಿ ರಾಜ್ಯ ನೋಡಿಕೊಳ್ಳುವವಳು. ಮಹಾವಜೀರನಿಗೆ ಅವಳು ಬರೆದ ಪತ್ರಗಳು ಉಳಿದಿವೆ. ಯೆಮೆನ್ ವಿಷಯ ಏನಾದರೂ ಮಾಡಲೇಬೇಕು, ಅದು ಮೆಕ್ಕಾದ ಬಾಗಿಲು ಎನ್ನುತ್ತಾಳೆ. ದಂಡಿಗೆ ದವಸದ ಏರ್ಪಾಡು ನನ್ನ ಕೈಯಲ್ಲಿದ್ದಿದ್ದರೆ ಯಾವತ್ತೋ ಮುಗಿಯುತ್ತಿತ್ತು ಎಂದು ಕುಟುಕುತ್ತಾಳೆ. ಜೊತೆಗೆ, ಮಗ ಬೆಳಿಗ್ಗೆ ಹೋದವನು ರಾತ್ರಿ ಬರುತ್ತಾನೆ, ಚಳಿಯಲ್ಲಿ ತಿರುಗಬೇಡ ಅಂದರೆ ಕೇಳುವುದಿಲ್ಲ, ಮತ್ತೆ ಕಾಯಿಲೆ ಬೀಳುತ್ತಾನೆ ಎಂಬ ಗೋಳು. ಯೆಮೆನ್ ಬಗ್ಗೆಯೂ ಮಗನ ನೆಗಡಿ ಬಗ್ಗೆಯೂ ಹೇಳಿಕೊಳ್ಳಲು ಅವಳಿಗಿದ್ದದ್ದು ಅದೇ ವಜೀರ.

1632ರಲ್ಲಿ ಮುರಾದ್ ಅಧಿಕಾರ ಕೈಗೆ ತೆಗೆದುಕೊಂಡ. ಬಿರುಸಿನ ಮನುಷ್ಯ, ತಮ್ಮಂದಿರನ್ನು ಕೊಲ್ಲಿಸಿದ. ಕೊನೆಯ ತಮ್ಮ ಇಬ್ರಾಹಿಮ್ ಒಬ್ಬ ಉಳಿದ. 1640ರಲ್ಲಿ ಮುರಾದ್ ಸತ್ತಾಗ ಇಬ್ರಾಹಿಮ್ ಪಂಜರದ ಬಾಗಿಲನ್ನೇ ತೆಗೆಯಲಿಲ್ಲ. ಪಟ್ಟಕ್ಕೆ ಕರೆಯಲು ಬಂದವರನ್ನು ಕೊಲ್ಲಲು ಬಂದವರೆಂದುಕೊಂಡ. ಅಣ್ಣನ ಹೆಣವನ್ನು ತಂದು ತೋರಿಸಿದ ಮೇಲೆ ಹೊರಗೆ ಬಂದ.

ಇಂಥವನ ಕೈಯಲ್ಲಿ ರಾಜ್ಯ ಹದಗೆಟ್ಟಿತು. ಅವನು ತಾಯಿಯನ್ನೂ ಅರಮನೆಯಿಂದ ಹೊರಗೆ ಕಳಿಸಿದ. 1648ರ ಆಗಸ್ಟ್‌ನಲ್ಲಿ ಸೈನಿಕರೂ ಧರ್ಮಪಂಡಿತರೂ ಸೇರಿ ಅವನನ್ನು ಇಳಿಸಲು ನಿರ್ಧರಿಸಿದರು. ಒಪ್ಪಿಗೆ ಕೇಳಲು ಬಂದದ್ದು ಯಾರ ಹತ್ತಿರ? ತಾಯಿಯ ಹತ್ತಿರ. ಕಪ್ಪು ಬಟ್ಟೆ ತೊಟ್ಟು ಬಾಗಿಲಿಗೆ ಬಂದ ಕೋಸೆಮ್ ಅವರೊಡನೆ ಬಹಳ ಹೊತ್ತು ವಾದಿಸಿದಳು. ಇಷ್ಟು ದಿನ ಅವನು ಮಾಡಿದ್ದಕ್ಕೆಲ್ಲ ತಲೆಯಾಡಿಸಿದವರು ನೀವೇ ಅಲ್ಲವೇ ಎಂದು ಕೇಳಿದಳು. ಕೊನೆಗೆ ಒಳಗೆ ಹೋಗಿ ಆರು ವರ್ಷದ ಮೊಮ್ಮಗ ಮೆಹ್ಮೆದ್‌ನನ್ನು ಕರೆತಂದಳು. ಹತ್ತು ದಿನದಲ್ಲಿ ಇಬ್ರಾಹಿಮ್‌ನ ಕೊಲೆಯಾಯಿತು.

ಅತ್ತೆ, ಸೊಸೆ

ಹೊಸ ಸುಲ್ತಾನನ ತಾಯಿ ತುರ್ಹಾನ್. ಇವಳೂ ಉಕ್ರೇನ್ ಕಡೆಯವಳು, ಇನ್ನೂ ಇಪ್ಪತ್ತರ ಹರೆಯ. ನಿಯಮದ ಪ್ರಕಾರ ಇವಳೇ ವಾಲಿದೆ, ಕೋಸೆಮ್ ಹಳೆ ಅರಮನೆಗೆ ಹೋಗಬೇಕು. ಈ ಹುಡುಗಿಗೆ ಅನುಭವ ಸಾಲದೆಂದು ಕೋಸೆಮ್‌ನ್ನೇ 'ದೊಡ್ಡ ವಾಲಿದೆ' ಎಂದು ಉಳಿಸಿಕೊಂಡರು. ಒಂದು ಹುದ್ದೆ, ಇಬ್ಬರು. ಜಾನಿಸರಿಗಳು ಅತ್ತೆ ಕಡೆ, ಅರಮನೆಯ ಖೋಜಾಗಳು ಸೊಸೆ ಕಡೆ.

ಮೆಹ್ಮೆದ್‌ನನ್ನು ಇಳಿಸಿ ಇನ್ನೊಬ್ಬ ಮೊಮ್ಮಗನನ್ನು ಕೂರಿಸಲು ಕೋಸೆಮ್ ಹೊರಟಿದ್ದಾಳೆ ಎಂಬ ಸುದ್ದಿಯನ್ನು ದಾಸಿಯೊಬ್ಬಳು ತುರ್ಹಾನ್‌ಗೆ ಮುಟ್ಟಿಸಿದಳು. 1651ರ ಸೆಪ್ಟೆಂಬರ್ 2ರ ರಾತ್ರಿ ಖೋಜಾಗಳು ದೊಡ್ಡ ವಾಲಿದೆಯ ಕೋಣೆಗೆ ನುಗ್ಗಿ ಕತ್ತು ಬಿಗಿದು ಕೊಂದರು. ಸಾಲ ತೀರಿಸಲಾಗದೆ ಜೈಲಲ್ಲಿದ್ದವರ ಸಾಲ ಕಟ್ಟಿ ಬಿಡಿಸುತ್ತಿದ್ದಳು, ತನ್ನ ದಾಸಿಯರಿಗೆ ಬಿಡುಗಡೆ ಕೊಟ್ಟು ಮದುವೆ ಮಾಡಿಸುತ್ತಿದ್ದಳು ಎಂದು ಊರು ಅವಳನ್ನು ನೆನೆಯಿತು.

ತುರ್ಹಾನ್ ಐದು ವರ್ಷ ಆಳಿದಳು. ಕಾಲ ಕೆಟ್ಟದ್ದಾಗಿತ್ತು. ಕ್ರೀಟ್ ದ್ವೀಪಕ್ಕಾಗಿ ವೆನಿಸ್ ಜೊತೆ ಯುದ್ಧ. 1656ರ ಮಾರ್ಚ್‌ನಲ್ಲಿ ಸಂಬಳದ ನಾಣ್ಯ ಕಳಪೆಯೆಂದು ದಂಗೆಯೆದ್ದ ಸೈನಿಕರು ಅರಮನೆಯ ಅಧಿಕಾರಿಗಳನ್ನು ಎಳೆದು ತಂದು ಮರಕ್ಕೆ ನೇತುಹಾಕಿದರು. ವೆನಿಸ್‌ನ ಹಡಗುಗಳು ಡಾರ್ಡನೆಲ್ಸ್ ಜಲಸಂಧಿಗೆ ಅಡ್ಡ ನಿಂತು ರಾಜಧಾನಿಗೆ ಸಾಮಾನು ಬಾರದಂತೆ ಮಾಡಿದವು. ಆ ಸೆಪ್ಟೆಂಬರ್‌ನಲ್ಲಿ ತುರ್ಹಾನ್ ಕೊಪ್ರುಲು ಮೆಹ್ಮೆದ್ ಎಂಬ ಮುದುಕನನ್ನು ಮಹಾವಜೀರನಾಗಲು ಕರೆದಳು. ನನ್ನ ಕೆಲಸದಲ್ಲಿ ಯಾರೂ ಕೈಹಾಕಬಾರದು ಎಂದು ಅವನು ಷರತ್ತು ಹಾಕಿದ. ಅವಳು ಒಪ್ಪಿದಳು. ಅಧಿಕಾರ ಅರಮನೆಯಿಂದ ವಜೀರನ ಮನೆಗೆ ಹೋಯಿತು, ಆ ಮನೆತನದಲ್ಲೇ ಬಹಳ ವರ್ಷ ಉಳಿಯಿತು. ಹೆಂಗಸರ ಆಳ್ವಿಕೆ ಇಲ್ಲಿಗೆ ಮುಗಿಯಿತೆಂದು ಲೆಕ್ಕ. ಯಾರೂ ಇಳಿಸಲಿಲ್ಲ, ಇದ್ದವಳೇ ಬಿಟ್ಟುಕೊಟ್ಟಳು.

ಬೈದವರು ಯಾರು?

ಆ ಕಾಲದಲ್ಲೇ ಬೈಗುಳ ಸಾಕಷ್ಟಿತ್ತು. ರಾಜ್ಯದ ಕೆಲಸದಲ್ಲಿ ಹೆಂಗಸರು ತಲೆಹಾಕಿದ್ದರಿಂದಲೇ ಎಲ್ಲ ಕೆಟ್ಟಿತೆಂದು ಪಂಡಿತರು ಬರೆದರು. ಇಂಥ ಬರಹಗಳನ್ನು ಓದುವಾಗ ಒಂದು ಎಚ್ಚರ ಇರಲಿ. ಬಡ್ತಿ ಸಿಗದೆ ಮುನಿಸಿಕೊಂಡ ಅಧಿಕಾರಿಗಳೂ ಬರೆದವರಲ್ಲಿದ್ದರು. ಇನ್ನು ವೆನಿಸ್‌ನ ರಾಯಭಾರಿಗಳು, ಒಳಗೆ ಹೋಗಲಾಗದೆ ಬಾಗಿಲಲ್ಲಿ ಸಿಕ್ಕ ಗಾಸಿಪ್ ಬರೆದು ಕಳಿಸಿದವರು. ನಾಣ್ಯದ ಬೆಲೆ ಕುಸಿದದ್ದು, ಇರಾನ್ ಮತ್ತು ಆಸ್ಟ್ರಿಯಾ ಜೊತೆಗಿನ ಉದ್ದದ ಯುದ್ಧಗಳು, ಅನಟೋಲಿಯಾದ ದಂಗೆಗಳು ಇವಕ್ಕೆಲ್ಲ ಅಂತಃಪುರವನ್ನೇ ಹೊಣೆ ಮಾಡುವುದು ಸುಲಭ. ಅಷ್ಟು ಸುಲಭದ ಕಾರಣವನ್ನು ಇಂದಿನ ಇತಿಹಾಸಕಾರರು ಒಪ್ಪುವುದಿಲ್ಲ.

ಒಂದು ಮಸೀದಿ, ಇಬ್ಬರು ಅಮ್ಮಂದಿರು

ಇಸ್ತಾಂಬುಲ್‌ಗೆ ಹೋದವರೆಲ್ಲ ಎಮಿನೊನು ಎಂಬಲ್ಲಿ ನೀರಿನಂಚಿನ ದೊಡ್ಡ ಮಸೀದಿಯೊಂದರ ಮುಂದೆ ಪಾರಿವಾಳಗಳ ಜೊತೆ ಫೋಟೋ ತೆಗೆಸಿಕೊಳ್ಳುತ್ತಾರೆ. ಹೆಸರು ಯೆನಿ ಜಾಮಿ, ಅಂದರೆ ಹೊಸ ಮಸೀದಿ. 1597ರಲ್ಲಿ ಕಟ್ಟಲು ಶುರುಮಾಡಿದವಳು ಸಫಿಯೆ, ಮಗ ಸುಲ್ತಾನನಾಗಿದ್ದಾಗ. 1603ರಲ್ಲಿ ಮಗ ಸತ್ತ. ಅವಳು ಹಳೆ ಅರಮನೆಗೆ ಹೋಗಬೇಕಾಯಿತು, ಕೆಲಸ ನಿಂತಿತು. ಮೊಮ್ಮಗ ಅಹ್ಮದ್ ಅದನ್ನು ಮುಂದುವರಿಸಲಿಲ್ಲ, ತನ್ನದೇ ಬೇರೆ ಮಸೀದಿ ಕಟ್ಟಿಸಿದ. ಅರ್ಧ ಎದ್ದ ಗೋಡೆಗಳು ಸುಮಾರು ಅರವತ್ತು ವರ್ಷ ಹಾಗೇ ನಿಂತಿದ್ದವು.

1660ರಲ್ಲಿ ಊರಿಗೆ ದೊಡ್ಡ ಬೆಂಕಿ ಬಿದ್ದು ಆ ಕೇರಿ ಸುಟ್ಟುಹೋದ ಮೇಲೆ ತುರ್ಹಾನ್ ಕೆಲಸ ಕೈಗೆತ್ತಿಕೊಂಡಳು. 1665ರ ಹೊತ್ತಿಗೆ ಎಲ್ಲ ಮುಗಿಯಿತು. ಮಸೀದಿಯ ಖರ್ಚಿಗೆಂದು ಪಕ್ಕದಲ್ಲೇ ಒಂದು ಮಾರುಕಟ್ಟೆ ಕಟ್ಟಿಸಿ ಅದರ ಬಾಡಿಗೆಯನ್ನು ವಕ್ಫ್‌ಗೆ ಬಿಟ್ಟಳು. ಚಕ್ಕೆ, ಕೇಸರಿ, ಒಣಹಣ್ಣು ಗುಡ್ಡೆ ಹಾಕಿ ಮಾರುವ ಆ ಸಾಂಬಾರ ಪೇಟೆ ಇವತ್ತಿಗೂ ತುಂಬಿ ತುಳುಕುತ್ತದೆ. ಅದರ ಹಿಂದೆ, ಗದ್ದಲ ತುಸು ಕಡಿಮೆಯಾಗುವಲ್ಲಿ ತುರ್ಹಾನ್‌ಳ ಸಮಾಧಿ ಮನೆ. ಮಗ ಮೆಹ್ಮೆದ್‌ನ ಸಮಾಧಿಯೂ ಅಲ್ಲೇ ಇದೆ, ತಾಯಿಯ ಹೆಸರಿನ ಸೂರಿನ ಕೆಳಗೆ.